ಕ್ಯಾಮೆರಾ ಬರೋ ಮೊದಲೇ ಸಾವು ಇಳಿದಿತ್ತು: ಹೆದ್ದಾರಿ ಲೆಕ್ಕದಿಂದ ಮಂಡ್ಯ, ಮದ್ದೂರು, ಮಳವಳ್ಳಿ ಕಲಿಯೋದೇನು?

ಮಂಡ್ಯ: ಬೆಂಗಳೂರಿಂದ ರಾತ್ರಿ ಊರಿಗೆ ವಾಪಸ್ ಬರೋ ಯಾವ ಕಾರಲ್ಲಿ ಕೂತರೂ ಈಗ ಒಂದು ಮಾತು ಕಿವಿಗೆ ಬೀಳುತ್ತೆ. ‘ಮುಂದೆ ಕ್ಯಾಮ್ರಾ ಅದೆ, ವಸಿ ನಿಧಾನ ಹೋಗಣ್ಣ.’ 2023ರ ಬೇಸಿಗೆಯಲ್ಲಿ ಇದೇ ರಸ್ತೆಯಲ್ಲಿ ಈ ಮಾತು ಇರಲಿಲ್ಲ. ಹೊಸ ರಸ್ತೆ, ಒಂದೂವರೆ ಗಂಟೆಗೆ ಮೈಸೂರು ಅನ್ನೋ ಹುಮ್ಮಸ್ಸು, ತಡೆಯೋರು ಯಾರೂ ಇಲ್ಲ. ಆಕ್ಸಿಲರೇಟರ್ ಎಲ್ಲಿವರೆಗೆ ಇಳಿಯುತ್ತೋ ಅಲ್ಲಿವರೆಗೂ ಕಾಲು ಇಳೀತಿತ್ತು.

ಈ ಬದಲಾವಣೆ ನೋಡಿದವರು ಈಗ ಊರೊಳಗೂ ಅದನ್ನೇ ಕೇಳ್ತಿದ್ದಾರೆ. ಮಂಡ್ಯದ ಜೆ.ಸಿ. ವೃತ್ತಕ್ಕೆ ಹಾಕಿ, ಮದ್ದೂರಿನ ಪೇಟೆ ಬೀದಿಗೆ ಹಾಕಿ, ಮಳವಳ್ಳಿಯ ಅನಂತರಾಂ ವೃತ್ತಕ್ಕೆ ಹಾಕಿ. ಸ್ಮಾರ್ಟ್ ಕ್ಯಾಮೆರಾ ಕಣ್ಣಿಟ್ಟರೆ ಟ್ರಾಫಿಕ್ ತಾನಾಗೇ ಸರಿಹೋಗುತ್ತೆ ಅನ್ನೋ ನಂಬಿಕೆ. ಕೇಳೋದರಲ್ಲಿ ತಪ್ಪೇನಿಲ್ಲ. ಆದರೆ ಹೆದ್ದಾರಿಯಲ್ಲಿ ಸಾವು ಇಳಿದದ್ದು ಯಾವಾಗ, ಯಾತಕ್ಕೆ ಅಂತ ತಾರೀಖು ಇಟ್ಟುಕೊಂಡು ನೋಡಿದರೆ ಈ ನಂಬಿಕೆ ಸ್ವಲ್ಪ ಅಲುಗಾಡುತ್ತೆ.

ಮೊದಲು ತಾರೀಖುಗಳು. 118 ಕಿ.ಮೀ. ಉದ್ದದ ಬೆಂಗಳೂರು-ಮೈಸೂರು ಹೆದ್ದಾರಿಯನ್ನು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದ್ದು 2023ರ ಮಾರ್ಚ್ 12ರಂದು, ನಮ್ಮ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ. ಆ ವರ್ಷ ಮೇ ತಿಂಗಳೊಂದರಲ್ಲೇ ಈ ರಸ್ತೆಯಲ್ಲಿ 29 ಜನ ಸತ್ತರು. ಜೂನ್‌ನಲ್ಲಿ 28. ಅಂದರೆ ಹೆಚ್ಚುಕಮ್ಮಿ ದಿನಕ್ಕೊಂದು ಹೆಣ. ಜುಲೈನಲ್ಲಿ ಆ ಸಂಖ್ಯೆ 8ಕ್ಕೆ ಬಂತು.

ಜುಲೈನಲ್ಲಿ ಏನಾಯ್ತು? ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಹೊಣೆ ಹೊತ್ತಿದ್ದ ಎಡಿಜಿಪಿ ಅಲೋಕ್ ಕುಮಾರ್ ರಸ್ತೆಗೆ ಇಳಿದರು, ಪೊಲೀಸರನ್ನೂ ಇಳಿಸಿದರು. ಸ್ಪೀಡ್ ಗನ್ ಹಿಡಿದ ಸಿಬ್ಬಂದಿ ಕಣ್ಣಿಗೆ ಕಾಣೋ ಹಾಗೆ ನಿಂತರು. ನೂರು ದಾಟಿದ ಕಾರಿಗೆ ಸಾವಿರ ರೂಪಾಯಿ ದಂಡ, ಅಲ್ಲೇ ಆ ಹೊತ್ತಿಗೇ. ಹೆದ್ದಾರಿ ಪ್ರಾಧಿಕಾರದ ತಜ್ಞರ ತಂಡವೂ ಬಂದು ರಸ್ತೆಯ ಲೋಪಗಳನ್ನು ನೋಡಿಕೊಂಡು ಹೋಯ್ತು. ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಟ್ಟಿದ್ದು ಆಗಸ್ಟ್ 1ರಿಂದ. ಇನ್ನು ನಾವು ಎಐ ಕ್ಯಾಮೆರಾ ಅಂತ ಕರೆಯೋ ಐಟಿಎಂಎಸ್ ವ್ಯವಸ್ಥೆ ಸಂದೇಶ ಕಳಿಸಿ ದಂಡ ಹಾಕೋಕೆ ಶುರು ಮಾಡಿದ್ದು 2024ರಲ್ಲಿ. 130 ದಾಟಿದರೆ ಬರೀ ದಂಡ ಅಲ್ಲ, ಎಫ್‌ಐಆರ್ ಅಂತ ರಾಜ್ಯಕ್ಕೆಲ್ಲ ಸಾರಿದ್ದು 2024ರ ಆಗಸ್ಟ್ 1ರಿಂದ.

ಹಾಗಾಗಿ 28ರಿಂದ 8ಕ್ಕೆ ಇಳಿದ ಆ ದೊಡ್ಡ ಜಿಗಿತ ಕ್ಯಾಮೆರಾದ್ದಲ್ಲ. ಬೈಕ್ ನಿಷೇಧದ್ದೂ ಅಲ್ಲ, ಅದು ಬಂದದ್ದೇ ಮುಂದಿನ ತಿಂಗಳು. ಮೇ ರಜೆ ದಿನ, ವಾಹನ ಹೆಚ್ಚು ಇರುತ್ತೆ, ಅದನ್ನೂ ಒಂದು ಕಾರಣ ಅಂತ ಒಪ್ಪೋಣ. ಒಂದು ತಿಂಗಳ ಲೆಕ್ಕ ಹಿಡಿದು ಎಲ್ಲಾ ತೀರ್ಮಾನ ಮಾಡೋಕಾಗಲ್ಲ ಅನ್ನೋದೂ ನಿಜ. ಆದರೂ ಕಣ್ಣಿಗೆ ಕಾಣೋ ಖಾಕಿ ಬಟ್ಟೆ, ಕೈಯಲ್ಲಿರೋ ಗನ್ನು, ನಿಲ್ಲಿಸಿ ಕೇಳೋ ಮನುಷ್ಯ, ಇವುಗಳಿಗೆ ಎಷ್ಟು ಬೆಲೆ ಇದೆ ಅನ್ನೋದನ್ನ ಆ ಜುಲೈ ತೋರಿಸಿತು. ಕ್ಯಾಮೆರಾ ಆಮೇಲೆ ಬಂದು ಆ ಕೆಲಸವನ್ನ ರಾತ್ರಿ-ಹಗಲು ಮುಂದುವರಿಸ್ತಿದೆ. ಅದು ಸಣ್ಣ ಉಪಕಾರ ಅಲ್ಲ. ಪೊಲೀಸರು ಮಳೆಗೆ, ನಿದ್ದೆಗೆ, ಮಂತ್ರಿಗಳ ಬಂದೋಬಸ್ತಿಗೆ ಹೋಗಲೇಬೇಕು, ಕಂಬದ ಮೇಲಿನ ಕಣ್ಣಿಗೆ ಅದ್ಯಾವುದೂ ಇಲ್ಲ.

ಕ್ಯಾಮೆರಾ ಹೆದ್ದಾರಿಯಲ್ಲಿ ಗೆಲ್ಲೋದು ಯಾಕೆ ಅಂತ ಅರ್ಥ ಮಾಡ್ಕೊಂಡರೆ, ಊರೊಳಗೆ ಅದು ಎಡವೋದು ಯಾಕೆ ಅನ್ನೋದೂ ಗೊತ್ತಾಗುತ್ತೆ. ಹೆದ್ದಾರಿಯಲ್ಲಿ ಅದು ಮಾಡೋ ಮುಖ್ಯ ಕೆಲಸ ಎರಡು: ನಂಬರ್ ಪ್ಲೇಟ್ ಓದೋದು, ವೇಗ ಅಳೆಯೋದು. ಒಂದು ಕಂಬದ ಹತ್ತಿರ ಮಾತ್ರ ಬ್ರೇಕ್ ಹಾಕಿ ಆಮೇಲೆ ಹಾರೋ ಬುದ್ಧಿವಂತರಿಗೆ ಸರಾಸರಿ ವೇಗದ ಲೆಕ್ಕ ಇದೆ. ಹತ್ತು ಕಿ.ಮೀ. ಅಂತರದಲ್ಲಿ ಎರಡು ಕ್ಯಾಮೆರಾ ಇದ್ದಾವೆ ಅಂತ ಇಟ್ಟುಕೊಳ್ಳಿ. ನೂರರ ವೇಗದಲ್ಲಿ ಆ ದೂರಕ್ಕೆ ಆರು ನಿಮಿಷ ಬೇಕು. ನೀವು ಐದೇ ನಿಮಿಷಕ್ಕೆ ಎರಡನೇ ಕಂಬ ದಾಟಿದ್ರೆ ನಿಮ್ಮ ಸರಾಸರಿ 120. ನಡುವೆ ಎಲ್ಲಿ ನಿಧಾನ ಮಾಡಿದ್ರಿ ಅನ್ನೋದು ಅದಕ್ಕೆ ಬೇಡ. ಅಲ್ಲಿ ಬೇಲಿ ಇದೆ, ಒಂದೇ ದಿಕ್ಕಿನ ಓಟ ಇದೆ, ಹೆಚ್ಚಿನವೆಲ್ಲ ಕಾರು, ಬಸ್ಸು, ಲಾರಿ, ಪ್ಲೇಟುಗಳು ಓದೋ ಹಾಗಿರುತ್ತವೆ. ಕೊಲ್ಲೋ ಕಾರಣವೂ ಒಂದೇ, ವೇಗ. ಯಂತ್ರಕ್ಕೆ ಹೇಳಿ ಮಾಡಿಸಿದ ಜಾಗ.

ಈಗ ಮಂಡ್ಯದೊಳಕ್ಕೆ ಬನ್ನಿ. ಮಹಾವೀರ ವೃತ್ತದಿಂದ ಸಂಜಯ ವೃತ್ತದವರೆಗೆ ಸಂಜೆ ಆರು ಗಂಟೆಗೆ ನಡೆದು ನೋಡಿ. ಅಲ್ಲಿ ಯಾವ ಕಾರೂ ನಲವತ್ತರ ಮೇಲೆ ಹೋಗಲ್ಲ, ಹೋಗೋಕಾಗಲ್ಲ. ಅಲ್ಲಿರೋ ತೊಂದರೆ ಬೇರೆ. ಆಟೊ ನಿಲ್ಲೋಕೆ ಜಾಗ ಇಲ್ಲ, ಬಸ್ಸು ರಸ್ತೆ ಮಧ್ಯೆಯೇ ಜನ ಇಳಿಸುತ್ತೆ, ಫುಟ್‌ಪಾತ್ ಮೇಲೆ ಹೂವು, ಹಣ್ಣು, ಬೈಕು ಎಲ್ಲಾ ಇರೋದ್ರಿಂದ ಶಾಲೆ ಮಕ್ಕಳು ರಸ್ತೆಗೇ ಇಳೀಬೇಕು. ಮದ್ದೂರು ಪೇಟೆ ಬೀದಿ ಅಗಲ ಮಾಡ್ತೀವಿ ಅನ್ನೋ ಮಾತು ಎಷ್ಟು ವರ್ಷದಿಂದ ಓಡ್ತಾ ಇದೆ ಅಂತ ಅಲ್ಲಿನ ಅಂಗಡಿಯವರನ್ನೇ ಕೇಳಬೇಕು. ಇಂಥ ಕಡೆ ಕ್ಯಾಮೆರಾ ಹಾಕಿದರೆ ಅದಕ್ಕೆ ಸುಲಭವಾಗಿ ಕಾಣೋದು ಒಂದೇ: ಹೆಲ್ಮೆಟ್ ಇಲ್ಲದ ತಲೆ.

ಇದು ಊಹೆಯ ಮಾತಲ್ಲ, ಪಕ್ಕದ ಕೇರಳ ಮಾಡಿ ತೋರಿಸಿದೆ. ‘ಸೇಫ್ ಕೇರಳ’ ಯೋಜನೆಯಲ್ಲಿ ಅಲ್ಲಿನ ಸರ್ಕಾರ 726 ಕ್ಯಾಮೆರಾ ಹಾಕಿಸಿ 2023ರ ಜೂನ್ 5ರಿಂದ ದಂಡ ಶುರು ಮಾಡಿತು. ಅದರಲ್ಲಿ 675 ಹೆಲ್ಮೆಟ್, ಸೀಟ್ ಬೆಲ್ಟ್, ಮೊಬೈಲ್ ಹಿಡಿಯೋಕೆ. 25 ಅಡ್ಡಾದಿಡ್ಡಿ ನಿಲುಗಡೆಗೆ, 18 ಕೆಂಪು ದೀಪ ಜಿಗಿಯೋರಿಗೆ. ವೇಗ ಹಿಡಿಯೋಕೆ ಇದ್ದದ್ದು ಬರೀ ಎಂಟು, ಅದರಲ್ಲೂ ನಾಲ್ಕು ವಾಹನದ ಮೇಲೆ ಓಡಾಡೋವು. ಎಂಟೆಲ್ಲಿ, 675 ಎಲ್ಲಿ. ಗಂಡ, ಹೆಂಡತಿ, ಮಡಿಲಲ್ಲೊಂದು ಮಗು ಹೋಗೋ ಬೈಕಿಗೂ ದಂಡ ಬೀಳುತ್ತಾ ಅಂತ ಆ ರಾಜ್ಯವೇ ಎದ್ದು ಕೂತು ಗಲಾಟೆ ಮಾಡಬೇಕಾಯ್ತು. ನಮ್ಮ ಕೆ.ಎಂ.ದೊಡ್ಡಿ, ಹಲಗೂರು ಕಡೆಯ ಎಷ್ಟೋ ಕುಟುಂಬಕ್ಕೆ ಅದೇ ಬೈಕೇ ಕಾರು, ಅದೇ ಬಸ್ಸು.

ಹೆಲ್ಮೆಟ್ ಬೇಡ ಅಂತ ಈ ಲೇಖನ ಹೇಳ್ತಿಲ್ಲ. ತಲೆ ಒಡೆದು ಮಿಮ್ಸ್ ಆಸ್ಪತ್ರೆ ಬಾಗಿಲಿಗೆ ಬಂದವರನ್ನು ಕಂಡವರು ಯಾರೂ ಹಾಗೆ ಹೇಳಲ್ಲ. ಆದರೆ ಐನೂರು ರೂಪಾಯಿ ಹೆಲ್ಮೆಟ್ ದಂಡ ಸಾವಿರಾರು ಬಿದ್ದ ಮಾತ್ರಕ್ಕೆ ರಸ್ತೆ ಸುರಕ್ಷಿತ ಆಯ್ತು ಅಂತ ಬೋರ್ಡ್ ಹಾಕ್ಕೊಂಡರೆ ಅದು ಮೋಸ.

ಕ್ಯಾಮೆರಾಗೆ ಕಾಣದ ಸಾವುಗಳು

ಯಾಕಂದ್ರೆ ನಮ್ಮ ಜಿಲ್ಲೆಯಲ್ಲಿ ಜನ ಸಾಯೋ ರೀತಿಯೇ ಬೇರೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ ವಿ.ಸಿ. ನಾಲೆಗೆ ಉರುಳಿ 30 ಜನ ಹೋದರು. ಅದರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. 2023ರ ನವೆಂಬರ್‌ನಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರೊಂದು ನಾಲೆಗೆ ಬಿದ್ದು ಐವರು ತೀರಿಕೊಂಡರು. ಈ ಅಂಚಿನಲ್ಲಿ ಬೇಕಾಗಿದ್ದದ್ದು ಗಟ್ಟಿ ತಡೆಗೋಡೆ. ಎಷ್ಟೇ ಬುದ್ಧಿ ತುಂಬಿದ ಕ್ಯಾಮೆರಾ ಆದರೂ ಬೀಳೋ ಬಸ್ಸಿನ ಫೋಟೊ ತೆಗೀಬಹುದು, ಅಷ್ಟೇ.

ಇನ್ನೊಂದು ಕಬ್ಬಿನ ಗಾಡಿ. ಕಬ್ಬು ಅರೆಯೋ ದಿನಗಳಲ್ಲಿ ಮೈಷುಗರ್ ಕಡೆಗೆ, ಕೊಪ್ಪದ ಕಡೆಗೆ, ಕೆ.ಎಂ.ದೊಡ್ಡಿಯ ಕಾರ್ಖಾನೆ ಕಡೆಗೆ ರಾತ್ರಿ ಹೊತ್ತು ರಸ್ತೆಗೆ ಇಳಿದು ನೋಡಿ. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಅಕ್ಕಪಕ್ಕ ಎರಡೆರಡು ಅಡಿ ಚಾಚಿಕೊಂಡ ಕಬ್ಬು. ಹಿಂದೆ ಕೆಂಪು ದೀಪ ಇಲ್ಲ. ರಿಫ್ಲೆಕ್ಟರ್ ಅಂಟಿಸಿದ್ದರೂ ಜೋತುಬಿದ್ದ ಸೋಗೆ ಅದನ್ನ ಮುಚ್ಚಿರುತ್ತೆ. ಎದುರಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆದಾಗ ಹಿಂದಿನಿಂದ ಬರೋ ಬೈಕಿನವನಿಗೆ ಅಲ್ಲೊಂದು ಗೋಡೆ ಇದೆ ಅನ್ನೋದೇ ಗೊತ್ತಾಗಲ್ಲ. ಇಂಥ ಟ್ರೇಲರ್‌ನ ಹಿಂದೆ ಕ್ಯಾಮೆರಾ ಓದೋಕೆ ನಂಬರ್ ಪ್ಲೇಟೂ ಸಿಗಲ್ಲ. ಅದಕ್ಕೆ ಡಿಕ್ಕಿ ಹೊಡೆದ ಬೈಕಿನ ನಂಬರ್ ಮಾತ್ರ ಸಿಗುತ್ತೆ, ಸವಾರನಿಗೆ ಹೆಲ್ಮೆಟ್ ಇತ್ತೋ ಇಲ್ಲವೋ ಅನ್ನೋದೂ ಸಿಗುತ್ತೆ! ಇದನ್ನ ತಡೆಯೋ ಜಾಗ ಕಾರ್ಖಾನೆ ಗೇಟು. ದೀಪ ಇಲ್ಲದ ಟ್ರೇಲರ್ ತೂಕದ ಸೇತುವೆ ಹತ್ತಬಾರದು ಅಂದರೆ ಮುಗೀತು, ಅದಕ್ಕೆ ಯಾವ ಎಐಯೂ ಬೇಕಿಲ್ಲ.

ಹೆದ್ದಾರಿಯಿಂದ ಹೊರಗೆ ಹಾಕಿದ ಬೈಕು, ಆಟೊ, ಟ್ರ್ಯಾಕ್ಟರ್ ಎಲ್ಲಿಗೆ ಹೋದವು ಅನ್ನೋದನ್ನೂ ಯಾರೂ ಕೇಳಲಿಲ್ಲ. ಸರ್ವಿಸ್ ರಸ್ತೆಗೆ ಬಂದವು. ಆ ಸರ್ವಿಸ್ ರಸ್ತೆ ಒಂದೇ ಸಮ ಸಾಗಲ್ಲ, ಅಲ್ಲಲ್ಲಿ ಕಡಿದುಹೋಗುತ್ತೆ, ಎರಡೂ ದಿಕ್ಕಿನ ಗಾಡಿ ಅದರಲ್ಲೇ ಓಡುತ್ತೆ. ಹನಕೆರೆ ಜನ ಆಚೆ ದಡದ ಗದ್ದೆಗೆ ಹೋಗೋಕೆ ಅಂಡರ್‌ಪಾಸ್ ಕೊಡಿ ಅಂತ ಬೀದಿಗಿಳಿದು ಕೂತಿದ್ದು ಇದೇ ಕಾರಣಕ್ಕೆ. ಮೇಲಿನ ಪಥದಲ್ಲಿ ಸಾವು ಇಳಿಯಿತು ಅನ್ನೋ ಲೆಕ್ಕದ ಪಕ್ಕದಲ್ಲೇ ಕೆಳಗಿನ ರಸ್ತೆಯ ಲೆಕ್ಕವನ್ನೂ ಇಟ್ಟು ತೋರಿಸಿದರೆ ಮಾತ್ರ ಪೂರ್ತಿ ಚಿತ್ರ ಸಿಗೋದು.

ಪ್ಲೇಟು ಓದದ ಯಂತ್ರ, ಆರ್‌ಸಿ ಬದಲಾಗದ ಬೈಕು

ಸ್ಮಾರ್ಟ್ ಕ್ಯಾಮೆರಾದ ಜೀವ ಇರೋದು ನಂಬರ್ ಪ್ಲೇಟಿನಲ್ಲಿ. ನಮ್ಮ ಕಡೆ ಪ್ಲೇಟುಗಳ ಕಥೆ ಗೊತ್ತೇ ಇದೆ. ಅಂಕಿ ಕನ್ನಡದಲ್ಲಿ ಬರೆಸಿಕೊಂಡವರುಂಟು. ಅಭಿಮಾನದ ಮಾತು, ಆದರೆ ಕೇಂದ್ರ ಮೋಟಾರು ವಾಹನ ನಿಯಮ ಅದನ್ನು ಒಪ್ಪಲ್ಲ, ಯಂತ್ರಕ್ಕೂ ಓದೋಕೆ ಬರಲ್ಲ. ಅರ್ಧ ಪ್ಲೇಟಿಗೆ ನೆಚ್ಚಿನ ನಟನ ಸ್ಟಿಕ್ಕರ್, ಇನ್ನರ್ಧಕ್ಕೆ ಗದ್ದೆಯ ಕೆಸರು. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ಹಳೇ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ ಹಾಕಿಸಿ ಅಂತ ಸರ್ಕಾರ ಹೇಳಿ, ಗಡುವು ಮುಂದೂಡಿ, ಮತ್ತೆ ಮುಂದೂಡಿ ಸುಸ್ತಾಗಿದೆ.

ಅದಕ್ಕಿಂತ ದೊಡ್ಡದು ಮಾಲೀಕನ ಹೆಸರು. ಹಳ್ಳಿಗಳಲ್ಲಿ ಬೈಕು ಕೈಯಿಂದ ಕೈಗೆ ಹೋಗುತ್ತೆ, ಆರ್‌ಸಿ ಮಾತ್ರ ಮೊದಲನೆಯವನ ಹೆಸರಲ್ಲೇ ಕೂತಿರುತ್ತೆ. ಯಾವತ್ತೋ ಮಾರಿದ ಗಾಡಿಗೆ ಇವತ್ತು ಮೆಸೇಜ್ ಬಂದು ತಲೆ ಕೆರೆದುಕೊಳ್ಳೋರು ಎಷ್ಟೋ ಜನ. ಓಡಿಸ್ತಿರೋನಿಗೆ ಸುದ್ದಿಯೇ ಇಲ್ಲ, ಹಾಗಾಗಿ ಭಯವೂ ಇಲ್ಲ. ಭಯ ಇಲ್ಲದ ಮೇಲೆ ಕ್ಯಾಮೆರಾ ಇದ್ದೇನು, ಬಿಟ್ಟೇನು? ಮಾರಿದ ಗಾಡಿ ಇದ್ದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಹೆಸರು ಬದಲಾಯಿಸಿಕೊಂಡು ಬನ್ನಿ, ನಾಳೆ ಆ ಬೈಕು ಯಾರಿಗಾದರೂ ಗುದ್ದಿದರೆ ಕೋರ್ಟಿಗೆ ಅಲೆಯೋರು ನೀವೇ.

ಇಲ್ಲೇ ಇನ್ನೊಂದು ಎಚ್ಚರಿಕೆ. ‘ನಿಮ್ಮ ವಾಹನಕ್ಕೆ ದಂಡ ಬಿದ್ದಿದೆ’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ ಕಳಿಸೋ ಕಳ್ಳರ ದಂಧೆ ಈಗ ಜೋರಾಗಿದೆ. ಅದನ್ನ ಒತ್ತಿದರೆ ಬ್ಯಾಂಕ್ ಖಾತೆ ಖಾಲಿ. ಪೊಲೀಸರು ದಂಡದ ನೋಟಿಸ್ ಅಂತ ಎಪಿಕೆ ಕಳಿಸಲ್ಲ. ಅನುಮಾನ ಇದ್ದರೆ ಹತ್ತಿರದ ಠಾಣೆಯಲ್ಲೋ, ಕರ್ನಾಟಕ ಒನ್ ಕೇಂದ್ರದಲ್ಲೋ ಗಾಡಿ ನಂಬರ್ ಹೇಳಿ ಕೇಳಿ.

ದಂಡ ಕಟ್ಟೋ ವಿಷಯದಲ್ಲಿ ಸರ್ಕಾರವೇ ಜನರಿಗೆ ಒಂದು ಪಾಠ ಕಲಿಸಿಬಿಟ್ಟಿದೆ. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗೆ 250 ಪ್ಲೇಟ್ ಓದೋ ಕ್ಯಾಮೆರಾ, 80 ಸಿಗ್ನಲ್ ಜಿಗಿತ ಹಿಡಿಯೋ ಕ್ಯಾಮೆರಾ ಬಂದವು. ಎರಡೇ ತಿಂಗಳಿಗೆ, 2023ರ ಫೆಬ್ರುವರಿಯಲ್ಲಿ, ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ. ಜನ ಮುಗಿಬಿದ್ದರು, ಒಂಬತ್ತು ದಿನದಲ್ಲಿ ನೂರು ಕೋಟಿಗೂ ಹೆಚ್ಚು ಬಂತು. ಅದೇ ವರ್ಷ ಮತ್ತೆ ರಿಯಾಯಿತಿ, 2025ರಲ್ಲಿ ಮತ್ತೆ. ಈಗ ಮೆಸೇಜ್ ಬಂದವನು ‘ಬುಡು, ಅರ್ಧಕ್ಕೆ ಬಿಟ್ಟಾಗ ಕಟ್ಟುವಾ’ ಅಂತ ಸುಮ್ಮನಾಗ್ತಾನೆ. ಸರಿಯಾದ ಹೊತ್ತಿಗೆ ಕಟ್ಟಿದವನೇ ಪೆದ್ದ.

ಕಾನೂನು ಹೇಳೋದು, ಸಂಜಯ ವೃತ್ತ ಕೇಳೋದು

ಕ್ಯಾಮೆರಾ ಎಲ್ಲಿ ಬೇಕೋ ಅಲ್ಲಿ, ಹೇಗೆ ಬೇಕೋ ಹಾಗೆ ಹಾಕೋಕೆ ಕಾನೂನು ಬಿಡಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 136ಎ ಕಲಂ, 2021ರಲ್ಲಿ ಬಂದ 167ಎ ನಿಯಮ ಇದರ ಬೇರು. ಉಪಕರಣಕ್ಕೆ ಮಾನ್ಯತಾ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಕ್ಯಾಮೆರಾ ಇದೆ ಅನ್ನೋ ಫಲಕ ಮೊದಲೇ ಕಾಣಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಹೋಗಬೇಕು, ಅದರಲ್ಲಿ ಫೋಟೊ, ಜಾಗ, ಹೊತ್ತು ಎಲ್ಲಾ ಇರಬೇಕು. ಅದೇ ನಿಯಮ ಮೊದಲ ಆದ್ಯತೆ ಕೊಟ್ಟಿರೋದು ಅಪಾಯ ಹೆಚ್ಚಿರೋ ರಾಷ್ಟ್ರೀಯ, ರಾಜ್ಯ ಹೆದ್ದಾರಿಗೆ ಮತ್ತು ಹತ್ತು ಲಕ್ಷ ಮೀರಿದ ನಗರಗಳೂ ಸೇರಿದಂತೆ ಹೆಸರಿಸಿದ ಊರುಗಳ ಮುಖ್ಯ ಜಂಕ್ಷನ್‌ಗಳಿಗೆ. 2011ರ ಜನಗಣತಿಯಲ್ಲಿ ಮಂಡ್ಯ ನಗರದ್ದು ಒಂದೂವರೆ ಲಕ್ಷಕ್ಕೂ ಕಡಿಮೆ. ಅಂದರೆ ಕಾನೂನಿನ ಕಣ್ಣೂ ಮೊದಲು ನೋಡೋದು ನಮ್ಮ ಪೇಟೆ ಬೀದಿಯನ್ನಲ್ಲ, ಊರ ಹೊರಗಿನ ಹೆದ್ದಾರಿಗಳನ್ನು.

ಸಂಜಯ ವೃತ್ತದ ಮಾತು ಬಂದಾಗ ಇನ್ನೊಂದನ್ನೂ ಯೋಚಿಸಬೇಕು. ಕಾವೇರಿ ನೀರು ಬಿಟ್ಟಾಗಲೆಲ್ಲ ಜಿಲ್ಲೆಯ ರೈತರು ಬಂದು ಕೂರೋದು ಅಲ್ಲೇ. 2023ರ ಸೆಪ್ಟೆಂಬರ್‌ನಲ್ಲೂ ಅಲ್ಲೇ ಟೈರು ಉರಿದದ್ದು, ಅಲ್ಲೇ ಘೋಷಣೆ ಕೂಗಿದ್ದು. ಪ್ಲೇಟು ಓದೋ ಕ್ಯಾಮೆರಾಗೆ ಹೆಲ್ಮೆಟ್ ಇಲ್ಲದವನೂ ಒಂದೇ, ಹಸಿರು ಶಾಲು ಹಾಕ್ಕೊಂಡು ಬಂದವನೂ ಒಂದೇ. ಯಾವ ಊರಿನ ಗಾಡಿ ಎಷ್ಟು ಹೊತ್ತಿಗೆ ಬಂತು ಅಂತ ಅದು ಬರೆದಿಟ್ಟುಕೊಳ್ಳುತ್ತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಪರಾಧ ತಡೆ, ತನಿಖೆಯ ಹೆಸರಲ್ಲಿ ಪೊಲೀಸರಿಗೆ ದೊಡ್ಡ ವಿನಾಯಿತಿ ಕೊಟ್ಟಿದೆ. ಆ ದಾಖಲೆ ಎಷ್ಟು ದಿನ ಇರುತ್ತೆ, ಯಾರು ನೋಡ್ತಾರೆ ಅಂತ ಕ್ಯಾಮೆರಾ ಹಾಕೋ ಮೊದಲೇ ಬಾಯಿಬಿಟ್ಟು ಹೇಳಿಸಬೇಕು. ಹಾಕಿದ ಮೇಲೆ ಯಾರೂ ಹೇಳಲ್ಲ.

ಹಾಗಾದ್ರೆ ಕ್ಯಾಮೆರಾನೇ ಬೇಡವಾ?

ಬೇಕು. ಆದರೆ ಬೇಕಾದ ಜಾಗ ಬೇರೆ. ರಾತ್ರಿ ಹನ್ನೊಂದು ಗಂಟೆ, ಹಲಗೂರು-ಮಳವಳ್ಳಿ ರಸ್ತೆ ಅಂತ ಇಟ್ಟುಕೊಳ್ಳಿ. ರೇಷ್ಮೆ ಗೂಡು ಮಾರಿಬಂದ ಒಬ್ಬ ರೈತ ರಸ್ತೆ ದಾಟ್ತಿದ್ದಾನೆ. ಕನಕಪುರ ಕಡೆಯಿಂದ ಬಂದ ಗಾಡಿ ಗುದ್ದಿ, ನಿಲ್ಲಿಸದೆ ಕೊಳ್ಳೇಗಾಲದ ಕಡೆಗೆ ಹೋಯ್ತು. ನೋಡಿದವರಿಲ್ಲ. ಗಾಡಿ ಸಿಗದಿದ್ದರೆ ಆ ಮನೆಗೆ ದಕ್ಕೋದು 2022ರ ಕೇಂದ್ರ ಯೋಜನೆಯ ಎರಡು ಲಕ್ಷ ರೂಪಾಯಿ. ತೀವ್ರವಾಗಿ ಗಾಯಗೊಂಡು ಬದುಕಿದರೆ ಐವತ್ತು ಸಾವಿರ. ಅದೂ ಅರ್ಜಿ ಹಾಕಬೇಕು ಅನ್ನೋದು ಗೊತ್ತಿದ್ದರೆ. ಗಾಡಿ ಸಿಕ್ಕರೆ ಮಾತೇ ಬೇರೆ: ವಿಮಾ ಕಂಪನಿ ಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಸತ್ತವನ ವಯಸ್ಸು, ಸಂಪಾದನೆ, ಅವನನ್ನೇ ನಂಬಿದ್ದ ಹೆಂಡತಿ ಮಕ್ಕಳು, ಎಲ್ಲಾ ಲೆಕ್ಕಕ್ಕೆ ಬರುತ್ತೆ. ಎರಡು ಲಕ್ಷಕ್ಕೆ ನಿಲ್ಲಬೇಕಿದ್ದ ಪರಿಹಾರ ಅದರ ಎಷ್ಟೋ ಪಟ್ಟು ಆಗಬಹುದು.

ಆ ವ್ಯತ್ಯಾಸ ಮಾಡೋದು ಒಂದು ನಂಬರ್ ಪ್ಲೇಟಿನ ಫೋಟೊ. ಮಳವಳ್ಳಿಯಿಂದ ಹೊರಡೋ ದಾರಿ ಎಣಿಸಿದರೆ ಕೈಬೆರಳಿಗೆ ಸಿಗ್ತವೆ: ಮದ್ದೂರು ಕಡೆಗೆ, ಮಂಡ್ಯ ಕಡೆಗೆ, ಕಿರುಗಾವಲು-ಬನ್ನೂರು ಕಡೆಗೆ, ಹಲಗೂರು ಕಡೆಗೆ, ಕೊಳ್ಳೇಗಾಲ ಕಡೆಗೆ. ಐದು ದಾರಿಗೆ ಐದು ಕಂಬ. ವಾರಾಂತ್ಯಕ್ಕೆ ಗಗನಚುಕ್ಕಿ ನೋಡೋಕೆ ಹಾರಿಕೊಂಡು ಬರೋ ಕಾರುಗಳ ವೇಗವೂ ಅದರಲ್ಲೇ ಸಿಗುತ್ತೆ, ಗುದ್ದಿ ಓಡಿದವನೂ ಸಿಗ್ತಾನೆ. ವೃತ್ತದಲ್ಲಿ ಐವತ್ತು ಕ್ಯಾಮೆರಾ ಹಾಕಿ ತಲೆ ಎಣಿಸೋ ಖರ್ಚಲ್ಲಿ ಇದು ಎಷ್ಟನೇ ಪಾಲು?

ರಸ್ತೆ ಸುರಕ್ಷತೆಗೆ ಅಂತ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಒಂದು ಜಿಲ್ಲಾ ಸಮಿತಿ ಇದೆ. ಪೊಲೀಸ್, ಲೋಕೋಪಯೋಗಿ, ಆರ್‌ಟಿಒ ಎಲ್ಲರೂ ಆ ಮೇಜಿನ ಸುತ್ತ ಕೂರ್ತಾರೆ. ಮುಂದಿನ ಸಭೆಗೆ ಯಾರಾದರೂ ಕ್ಯಾಮೆರಾ ಪಟ್ಟಿ ತಂದರೆ, ಅದರ ಜೊತೆಗೆ ಕಳೆದ ಮೂರು ವರ್ಷದಲ್ಲಿ ಮೂರೂ ತಾಲ್ಲೂಕಿನಲ್ಲಿ ಗುದ್ದಿ ಓಡಿದ ಪ್ರಕರಣ ಎಷ್ಟು, ಯಾವ ರಸ್ತೆಯ ಎಷ್ಟನೇ ಕಿ.ಮೀ. ಕಲ್ಲಿನ ಹತ್ತಿರ, ಅದರಲ್ಲಿ ಗಾಡಿ ಸಿಕ್ಕಿದ್ದೆಷ್ಟು ಅನ್ನೋ ಹಾಳೆಯನ್ನೂ ಇಡಲಿ. ಕಂಬ ನೆಡೋ ಜಾಗ ಆ ಹಾಳೆಯಲ್ಲೇ ಇರುತ್ತೆ.